ಹೇರ್‌ಡ್ರೆಸ್ಸಿಂಗ್ ಕಲಿಯಲು ಕಾಲೇಜೋ, ಸಲೂನೋ? ಶುರುವಿನಿಂದ ಮೊದಲ ಕೆಲಸದವರೆಗೆ

"ಹೇರ್‌ಡ್ರೆಸ್ಸರ್ ಆಗಬೇಕು ಅಂತಿದ್ದೀನಿ. ಕಾಲೇಜಿಗೆ ಸೇರಲಾ, ಇಲ್ಲಾ ಸಲೂನ್‌ನಲ್ಲೇ ಕೆಲಸಕ್ಕೆ ನಿಂತು ಕಲಿಯಲಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಆಗಷ್ಟೇ ಶಾಲೆ ಮುಗಿಸಿದವರಿದ್ದಾರೆ, ಬೇರೆ ಕೆಲಸ ಬಿಟ್ಟು ಬರುವವರಿದ್ದಾರೆ, ಮಕ್ಕಳು ದೊಡ್ಡವರಾದ ಮೇಲೆ ಹೊಸದಾಗಿ ಶುರು ಮಾಡುವವರೂ ಇದ್ದಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಕಲಿಯುವಾಗ ಎಷ್ಟು ನಿಜವಾದ ತಲೆಗಳು ನಿಮ್ಮ ಕೈಗೆ ಸಿಗುತ್ತವೆ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು, ಮೊದಲು ಇದನ್ನು ನೋಡಿ. ಕಾಲೇಜು, ಸಲೂನು ಆಮೇಲಿನ ಮಾತು. ಇದು ಕೈ ಪಳಗಿ ಬರುವ ಕೆಲಸ. ತಿದ್ದುವವರಿಲ್ಲದೆ ಪಳಗಿದರೆ ತಪ್ಪೇ ಪಳಗಿಬಿಡುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು, ಏನನ್ನು ಕೇಳಿ ಸೇರಬೇಕು, ಸೇರಿದ ಮೇಲೆ ಏನು ಕಲಿಯಬೇಕು, ಒಂದೊಂದಾಗಿ ನೋಡೋಣ.

1. ಮೊದಲು ನಿಮ್ಮ ಮೈಗೆ ಈ ಕೆಲಸ ಒಗ್ಗುತ್ತದಾ ನೋಡಿ

ಸಲೂನ್ ಕೆಲಸ ಅಂದರೆ ಇಡೀ ದಿನ ನಿಂತೇ ಇರುವುದು. ತೋಳು ಎತ್ತಿ ಹಿಡಿದಿರಬೇಕು, ಕೈ ಒದ್ದೆಯಾಗಿರುತ್ತದೆ, ಬೇರೆಯವರಿಗೆ ರಜೆ ಇರುವ ದಿನವೇ ನಿಮಗೆ ಕೆಲಸ ಜಾಸ್ತಿ. ಗುರುತಿಲ್ಲದವರ ಜೊತೆ ಗಂಟೆಗಟ್ಟಲೆ ಮಾತಾಡುವುದೂ ಕೆಲಸದ ಭಾಗವೇ.

ಫೀಸು ಕಟ್ಟುವ ಮೊದಲು ಯಾವುದಾದರೂ ಸಲೂನ್‌ನಲ್ಲಿ ಕೆಲವು ದಿನ ಸಹಾಯಕರಾಗಿ ನಿಲ್ಲಿ. ನೆಲ ಗುಡಿಸಿ, ಟವೆಲ್ ಮಡಚಿ, ಸುಮ್ನೆ ನೋಡಿ. ಸಂಜೆ ಹೊತ್ತಿಗೆ ಕಾಲು ನೋಯುತ್ತದೆ, ಅದು ಎಲ್ಲರಿಗೂ ಆಗುವಂಥದ್ದು. ಮರುದಿನ ಮತ್ತೆ ಹೋಗಬೇಕು ಅನಿಸುತ್ತದಾ, ಅದನ್ನು ಗಮನಿಸಿ.

ಎಚ್ಚರಿಕೆ: ನಿಮಗೆ ಇಸುಬು ಅಥವಾ ಆಸ್ತಮಾ ಇದ್ದರೆ ಮೊದಲು ಚರ್ಮದ ಡಾಕ್ಟರನ್ನೋ ಶ್ವಾಸಕೋಶದ ಡಾಕ್ಟರನ್ನೋ ಕಾಣಿ. ಶಾಂಪೂ, ನೀರು, ಬಣ್ಣದಿಂದ ಕೈ ಚರ್ಮ ಒಡೆಯುವುದು ಈ ಕಸುಬಿನ ದೊಡ್ಡ ಕಾಯಿಲೆ. ಬ್ಲೀಚ್ ಪುಡಿಯಲ್ಲಿರುವ ಪರ್‌ಸಲ್ಫೇಟ್ ಅನ್ನುವ ರಾಸಾಯನಿಕದಿಂದ ಕೆಲವರಿಗೆ ಹೊಸದಾಗಿ ಆಸ್ತಮಾ ಬರುವುದೂ ಉಂಟು. ಎಷ್ಟೋ ಜನ ಕೆಲಸ ಚೆನ್ನಾಗಿ ಕಲಿತ ಮೇಲೆ ಕೈ ಚರ್ಮದ ತೊಂದರೆಯಿಂದಲೇ ಬಿಟ್ಟು ಹೋಗುತ್ತಾರೆ. ಇದನ್ನು ಮೊದಲೇ ಹೇಳುತ್ತಿರುವುದು ಅದಕ್ಕೇ.

2. ನೀವು ಕೆಲಸ ಮಾಡುವ ಜಾಗದ ನಿಯಮ ತಿಳಿದುಕೊಳ್ಳಿ

ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ದುಡ್ಡು ತೆಗೆದುಕೊಂಡು ಕೂದಲು ಕತ್ತರಿಸುವಂತಿಲ್ಲ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಹಲವು ರಾಜ್ಯಗಳು 1000ದಿಂದ 1500 ಗಂಟೆಗಳ ತರಬೇತಿ ಕೇಳುತ್ತವೆ. ಜರ್ಮನಿಯಲ್ಲಿ ಆಪ್ರೆಂಟಿಸ್‌ಶಿಪ್ಪೇ (ಸಲೂನ್‌ನಲ್ಲಿ ಕೆಲಸಕ್ಕೆ ಸೇರಿ ಕಲಿಯುವುದು) ಮುಖ್ಯ ದಾರಿ, ಅದು 3 ವರ್ಷ. ಸಲೂನ್ ತೆರೆಯಬೇಕಾದರೆ ಸಾಮಾನ್ಯವಾಗಿ ಅದರ ಮೇಲೆ ಇನ್ನೊಂದು ಪರೀಕ್ಷೆ ಇದೆ. ಬ್ರಿಟನ್‌ನಲ್ಲಿ ಲೈಸೆನ್ಸ್ ಕಡ್ಡಾಯವಲ್ಲ, ಹೆಸರು ನೋಂದಾಯಿಸುವುದು ನಮ್ಮಿಷ್ಟಕ್ಕೆ ಬಿಟ್ಟದ್ದು. ಆದರೂ ಒಳ್ಳೆ ಸಲೂನ್‌ಗಳು ಅರ್ಹತೆಯ ಪತ್ರ ನೋಡದೆ ಕೆಲಸ ಕೊಡುವುದಿಲ್ಲ.

ಮುಂದೆ ಬೇರೆ ದೇಶಕ್ಕೆ ಹೋಗುವ ಆಸೆ ಇದ್ದರೆ, ಈಗ ಕಲಿಯುವ ಕೋರ್ಸಿಗೆ ಅಲ್ಲಿ ಬೆಲೆ ಇದೆಯಾ ಅಂತ ಸೇರುವ ಮೊದಲೇ ವಿಚಾರಿಸಿ.

3. ಎರಡು ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ

ಕಾಲೇಜಿನಲ್ಲಿ ಫೀಸು ನೀವು ಕಟ್ಟುತ್ತೀರಿ. ಪಾಠ ಒಂದು ಕ್ರಮದಲ್ಲಿ ನಡೆಯುತ್ತದೆ. ಕೂದಲಿನ ರಚನೆ, ಚರ್ಮದ ಕಾಯಿಲೆಗಳು, ಬಣ್ಣದ ರಸಾಯನ, ಸ್ವಚ್ಛತೆ ಎಲ್ಲವನ್ನೂ ಹೇಳಿಕೊಡುತ್ತಾರೆ. ಮೊದಲು ಡಮ್ಮಿ ತಲೆ, ಆಮೇಲೆ ಕಾಲೇಜಿನ ತರಬೇತಿ ಸಲೂನ್‌ಗೆ ಕಡಿಮೆ ಬೆಲೆಗೆ ಬರುವ ಗಿರಾಕಿಗಳು. ಸಾಮಾನ್ಯವಾಗಿ ಒಂದೆರಡು ವರ್ಷ ಹಿಡಿಯುತ್ತದೆ. ಇಲ್ಲಿ ತಪ್ಪು ಮಾಡಲು ಜಾಗ ಇದೆ. ಆದರೆ ಕೈಗೆ ವೇಗ ಬರುವುದಿಲ್ಲ. ಕಾಲೇಜಿನಲ್ಲಿ ಒಂದು ಕಟ್‌ಗೆ ಎರಡು ಗಂಟೆ ತೆಗೆದುಕೊಂಡು ಕಲಿತವರಿಗೆ ಸಲೂನ್‌ನ ಮುಕ್ಕಾಲು ಗಂಟೆ ಮೊದಮೊದಲು ಕಷ್ಟವೇ.

ಆಪ್ರೆಂಟಿಸ್‌ಶಿಪ್ ಅಂದರೆ ಕೆಲಸಕ್ಕೆ ಸೇರಿಕೊಂಡೇ ಕಲಿಯುವ ವ್ಯವಸ್ಥೆ. ಸಂಬಳ ಇರುತ್ತದೆ, ಕಡಿಮೆ ಇರುತ್ತದೆ. ವಾರದಲ್ಲಿ ಒಂದು ದಿನವೋ ಇನ್ನಾವುದೋ ನಿಗದಿತ ಹೊತ್ತೋ ಪಾಠಕ್ಕೆ ಮೀಸಲು. ಎರಡು ಮೂರು ವರ್ಷ ಬೇಕಾಗುತ್ತದೆ. ಮೊದಲ ದಿನದಿಂದ ನಿಜವಾದ ಸಲೂನ್, ನಿಜವಾದ ಗಡಿಬಿಡಿ, ನಿಜವಾದ ಗಿರಾಕಿಗಳು. 1960ರ ದಶಕದಲ್ಲಿ ಜ್ಯಾಮಿತಿಯ ಗೆರೆಗಳ ಕಟ್‌ಗಳಿಂದ ಹೆಸರಾದ ವಿಡಾಲ್ ಸಸೂನ್ ಈ ದಾರಿಯಲ್ಲೇ ಬಂದವರು. 14ನೇ ವಯಸ್ಸಿಗೆ ಲಂಡನ್ನಿನ ಸಲೂನೊಂದರಲ್ಲಿ ಆಪ್ರೆಂಟಿಸ್ ಆಗಿ ಸೇರಿದ್ದರು. ಈ ದಾರಿಯ ತೊಂದರೆ ಏನೆಂದರೆ, ಆ ಸಲೂನ್‌ನಲ್ಲಿ ನಡೆಯುವ ಕೆಲಸ ಅಷ್ಟೇ ನಿಮಗೆ ಬರುತ್ತದೆ. ಅಲ್ಲಿ ಪರ್ಮ್ (ರಾಸಾಯನಿಕ ಹಾಕಿ ಕೂದಲನ್ನು ಗುಂಗುರು ಮಾಡುವುದು) ಮಾಡುವುದಿಲ್ಲ ಅಂದರೆ ನೀವು ಪರ್ಮ್ ನೋಡುವುದೇ ಇಲ್ಲ.

ದುಡಿಯಲೇಬೇಕು ಅನ್ನುವವರಿಗೆ, ನೋಡಿ ಮಾಡಿ ಕಲಿಯುವ ಸ್ವಭಾವದವರಿಗೆ ಆಪ್ರೆಂಟಿಸ್‌ಶಿಪ್ ಒಳ್ಳೆಯದು. ನಿಧಾನವಾಗಿ ಕಲಿಯುವವರಿಗೆ, "ಯಾಕೆ ಹೀಗೆ?" ಅಂತ ಕೇಳದೆ ಸಮಾಧಾನ ಆಗದವರಿಗೆ ಕಾಲೇಜು ಒಳ್ಳೆಯದು. ಕಾಲೇಜಿಗೆ ಹೋಗುತ್ತಲೇ ವಾರದ ಕೊನೆಗೆ ಸಲೂನ್‌ನಲ್ಲಿ ನಿಲ್ಲಲು ಆಗುತ್ತದೆ ಅಂದರೆ ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ.

ಎರಡು ವಾರದಲ್ಲಿ "ಪ್ರೊಫೆಷನಲ್" ಮಾಡುತ್ತೇವೆ ಅನ್ನುವ ಕೋರ್ಸ್‌ಗಳ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಕೆಲಸ ಗೊತ್ತಿರುವವರು ಹೊಸದೊಂದು ವಿಧಾನ ಕಲಿಯಲು ಅವು ಸರಿ. ಏನೂ ಗೊತ್ತಿಲ್ಲದವರು ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

4. ಸೇರುವ ಮೊದಲು ಹೋಗಿ ನೋಡಿ, ಬಾಯಿಬಿಟ್ಟು ಕೇಳಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ವರ್ಷಗಟ್ಟಲೆ ಪರದಾಡುತ್ತಾರೆ. ಕಾಲೇಜಾದರೆ ಪಾಠ ನಡೆಯುವ ಹೊತ್ತಿಗೇ ಹೋಗಿ. ಖಾಲಿ ಕುರ್ಚಿಗಳನ್ನು ತೋರಿಸಿ ಕಳಿಸುವುದಕ್ಕೆ ಒಪ್ಪಬೇಡಿ. ಕೇಳಬೇಕಾದ ಪ್ರಶ್ನೆಗಳು:

- ಒಬ್ಬ ಶಿಕ್ಷಕರಿಗೆ ಪ್ರಾಕ್ಟಿಕಲ್‌ನಲ್ಲಿ ಎಷ್ಟು ಜನ ವಿದ್ಯಾರ್ಥಿಗಳು?
- ನಿಜವಾದ ಗಿರಾಕಿಗಳ ಮೇಲೆ ಕೆಲಸ ಯಾವ ತಿಂಗಳಿಂದ? ವಾರಕ್ಕೆ ಎಷ್ಟು ಜನ ಬರುತ್ತಾರೆ?
- ಪ್ರಮಾಣಪತ್ರ ಕೊಡುವವರು ಯಾರು? ಅದನ್ನು ಸರ್ಕಾರ ಅಥವಾ ಕಸುಬಿನ ಮಂಡಳಿ ಒಪ್ಪುತ್ತದಾ?
- ಕಿಟ್, ಏಪ್ರನ್, ಪರೀಕ್ಷೆಯ ಖರ್ಚು ಫೀಸಿನಲ್ಲೇ ಸೇರಿದೆಯಾ?
- ಗುಂಗುರು ಕೂದಲು, ತೀರಾ ಸುರುಳಿ ಕೂದಲು ಇರುವವರ ಮೇಲೂ ಅಭ್ಯಾಸ ಇದೆಯಾ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ನೇರ ಕೂದಲಿನ ಮೇಲಷ್ಟೇ ಕಲಿತವರು ಸುರುಳಿ ಕೂದಲಿನ ಗಿರಾಕಿ ಬಂದಾಗ ಏನು ಮಾಡಬೇಕೆಂದು ತಿಳಿಯದೆ ವಾಪಸ್ ಕಳಿಸುತ್ತಾರೆ. ಹಾಗೆ ಕಳಿಸಿಕೊಂಡವರ ಬೇಸರ ಕೇಳಿದರೆ ಇದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ.

ಸಲೂನಾದರೆ ಬೇರೆ ಪ್ರಶ್ನೆಗಳು. ನನಗೆ ಕಲಿಸುವವರು ಯಾರು, ಹೆಸರು ಹೇಳಿ. ತರಬೇತಿ ಯಾವ ದಿನ, ಎಷ್ಟು ಗಂಟೆ? ಗಿರಾಕಿಗಳು ಜಾಸ್ತಿಯಾದರೆ ಆ ಹೊತ್ತನ್ನು ರದ್ದು ಮಾಡುತ್ತೀರಾ? ಇಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಕಲಿತವರಲ್ಲಿ ಒಬ್ಬರಾದರೂ ಅಲ್ಲೇ ಕುರ್ಚಿ ಹಿಡಿದು ಕೆಲಸ ಮಾಡುತ್ತಿದ್ದರೆ ಅದು ಒಳ್ಳೆ ಗುರುತು. ಆಪ್ರೆಂಟಿಸ್‌ಗಳು ವರ್ಷಕ್ಕೊಬ್ಬರಂತೆ ಬಂದು ಹೋಗುತ್ತಿದ್ದರೆ, ಅಲ್ಲಿ ಬೇಕಾಗಿರುವುದು ಗುಡಿಸುವವರು.

ಎಚ್ಚರಿಕೆ: ಬಾಯಿಮಾತಿಗೆ ಸೇರಬೇಡಿ. ಕೆಲಸದ ಗಂಟೆ, ಸಂಬಳ, ತರಬೇತಿಯ ಸಮಯ, ಮುಗಿಯುವ ದಿನ, ಸಿಗುವ ಅರ್ಹತೆ ಇಷ್ಟೂ ಬರಹದಲ್ಲಿರಲಿ. "ನಡುವೆ ಬಿಟ್ಟರೆ ತರಬೇತಿಯ ಖರ್ಚು ವಾಪಸ್ ಕಟ್ಟಬೇಕು" ಅನ್ನುವ ಸಾಲು ಇದೆಯಾ ಹುಡುಕಿ. ಇದ್ದರೆ ಮೊತ್ತ ಎಷ್ಟು, ಎಷ್ಟು ಕಾಲದವರೆಗೆ ಅಂತ ಸ್ಪಷ್ಟ ಮಾಡಿಕೊಂಡ ಮೇಲೆ ಸಹಿ ಹಾಕಿ.

5. ಕಿಟ್ ಕೊಳ್ಳಿ, ಆದರೆ ಅವಸರ ಬೇಡ

ಎಲ್ಲಕ್ಕಿಂತ ಮುಖ್ಯ ಕತ್ತರಿ. ಶುರುವಿಗೆ 5.5 ಇಂಚು ಅಥವಾ 6 ಇಂಚಿನದು ಸಾಕು. ತೀರಾ ದುಬಾರಿಯದು ಈಗಲೇ ಬೇಡ, ಕಲಿಯುವಾಗ ಒಮ್ಮೆಯಾದರೂ ಕೈಜಾರಿ ಬೀಳುತ್ತದೆ. ಎಡಗೈಯವರು ಎಡಗೈ ಕತ್ತರಿಯನ್ನೇ ಕೊಳ್ಳಿ. ಬಲಗೈ ಕತ್ತರಿಯಲ್ಲಿ ಹೊಂದಿಸಿಕೊಂಡು ಹೋದರೆ ಹೆಬ್ಬೆರಳಿಗೂ ಮಣಿಕಟ್ಟಿಗೂ ಪೆಟ್ಟು. ಕೊಳ್ಳುವಾಗ ಹೀಗೆ ನೋಡಿ: ಒಂದು ಹಿಡಿ ಹಿಡಿದು ಇನ್ನೊಂದನ್ನು ಪೂರ್ತಿ ತೆರೆದು ಬಿಡಿ. ಅದು ಸ್ವಲ್ಪ ಇಳಿದು ನಡುವೆ ನಿಲ್ಲಬೇಕು. ಧಡಾರನೆ ಮುಚ್ಚಿಕೊಂಡರೆ ಸ್ಕ್ರೂ ಸಡಿಲ, ಅಲುಗದೇ ಇದ್ದರೆ ಬಿಗಿ. ಆ ಕತ್ತರಿಯಲ್ಲಿ ಕಾಗದ, ದಾರ, ಪ್ಲಾಸ್ಟಿಕ್ ಏನನ್ನೂ ಕತ್ತರಿಸಬೇಡಿ. ದಿನದ ಕೊನೆಗೆ ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ.

ಇದರ ಜೊತೆ ಕಟಿಂಗ್ ಬಾಚಣಿಗೆ, ಚೂಪು ಬಾಲದ ಬಾಚಣಿಗೆ, ಸೆಕ್ಷನ್ ಕ್ಲಿಪ್, ನೀರಿನ ಸ್ಪ್ರೇ ಬಾಟಲಿ, ಎರಡು ಅಳತೆಯ ದುಂಡು ಬ್ರಷ್ ಬೇಕು. ಡಮ್ಮಿ ತಲೆ ಕೊಂಡರೆ ಮನುಷ್ಯರ ಕೂದಲಿನದೇ ಕೊಳ್ಳಿ. ಕೃತಕ ಕೂದಲಿಗೆ ಬಣ್ಣ ಹಿಡಿಯುವುದಿಲ್ಲ, ಬಿಸಿ ತಾಗಿದರೆ ಕರಗುತ್ತದೆ.

6. ಮೊದಲ ತಿಂಗಳುಗಳು: ಶಾಂಪೂ ಮಾಡುವುದನ್ನು ಹಗುರವಾಗಿ ಕಾಣಬೇಡಿ

ಶುರುವಿನಲ್ಲಿ ನಿಮಗೆ ಕೊಡುವುದು ತಲೆ ತೊಳೆಯುವ ಕೆಲಸ. "ಇದಕ್ಕಾ ನಾನು ಬಂದದ್ದು?" ಅನಿಸಬಹುದು, ಅಲ್ವಾ? ಆದರೆ ನಿಮ್ಮ ಬೆರಳಿಗೆ ಕೂದಲು ಪರಿಚಯ ಆಗುವುದು ಇಲ್ಲೇ. ಎಳೆ ದಪ್ಪವೋ ತೆಳ್ಳಗೋ, ನೀರು ಬೇಗ ಹೀರುತ್ತದೋ ಇಲ್ಲವೋ, ಸುಳಿ ಎಲ್ಲಿದೆ, ನೆತ್ತಿಯಲ್ಲಿ ಎಲ್ಲಿ ಉಬ್ಬು ತಗ್ಗು ಇದೆ, ಎಲ್ಲ ಬೆರಳಿಗೆ ತಿಳಿಯುತ್ತದೆ.

ನೆತ್ತಿ ನೋಡುವುದನ್ನೂ ಇಲ್ಲೇ ಕಲಿಯಬೇಕು. ಹೇನು, ಹುಳುಕಡ್ಡಿ ತರಹದ ಅಂಟುವ ತೊಂದರೆ ಕಂಡರೆ ಕೆಲಸ ಮುಂದುವರಿಸುವಂತಿಲ್ಲ. ಹಿರಿಯರನ್ನು ಕರೆದು ತೋರಿಸಿ. ಗಿರಾಕಿಗೆ ಪಕ್ಕದವರಿಗೆ ಕೇಳದಂತೆ ಮೆಲ್ಲಗೆ ಹೇಳಿ. ಸೋರಿಯಾಸಿಸ್ ಅನ್ನುವ ಪೊರೆ ಪೊರೆಯಾಗಿ ಏಳುವ ಕಾಯಿಲೆ ಅಂಟುವುದಿಲ್ಲ, ಚರ್ಮ ಒಡೆದಿರದಿದ್ದರೆ ಮೆತ್ತಗೆ ಕೆಲಸ ಮಾಡಬಹುದು. ಈ ವ್ಯತ್ಯಾಸ ತಿಳಿಯದೆ ಯಾರನ್ನೂ ಎಬ್ಬಿಸಿ ಕಳಿಸಿ ಅವಮಾನ ಮಾಡಬೇಡಿ.

ನೀರಿನ ಬಿಸಿಯನ್ನು ಮೊದಲು ನಿಮ್ಮ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡಿ. ಬೇಸಿನ್‌ಗೆ ಕುತ್ತಿಗೆ ಒರಗಿಸುವಾಗ ನೋವಿದೆಯಾ ಕೇಳಿ, ಟವೆಲ್ ಮಡಚಿ ಒತ್ತು ಕೊಡಿ. ಬೇಸಿನ್ ಮೇಲೆ ಕುತ್ತಿಗೆ ಹಿಂದಕ್ಕೆ ಬಾಗಿಸಿದ್ದರಿಂದ ಪಾರ್ಶ್ವವಾಯು ಆದ ಪ್ರಕರಣಗಳು 1993ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿವೆ. ಇದು ತೀರಾ ಅಪರೂಪ. ಆದರೂ ವಯಸ್ಸಾದವರಿಗೆ, ತಲೆಸುತ್ತು ಇರುವವರಿಗೆ ಮುಂದೆ ಬಾಗಿ ತೊಳೆಸಿಕೊಳ್ಳುವ ಅವಕಾಶ ಕೊಡಿ.

ನಿಮ್ಮ ಕೈ ಬಗ್ಗೆ: ತೊಳೆಯುವಾಗಲೂ ಬಣ್ಣ ಹಚ್ಚುವಾಗಲೂ ನೈಟ್ರೈಲ್ ಗ್ಲೌಸ್ ಹಾಕಿ. ಲ್ಯಾಟೆಕ್ಸ್ ಬೇಡ, ಅದಕ್ಕೇ ಕೆಲವರಿಗೆ ಅಲರ್ಜಿ. ಬೆರಳ ಸಂದು ಒಣಗುವವರೆಗೆ ಒರೆಸಿ, ಕ್ರೀಮ್ ಹಚ್ಚಿ. "ಗ್ಲೌಸ್ ಹಾಕಿದರೆ ಕೂದಲು ಗೊತ್ತಾಗಲ್ಲ" ಅನ್ನುವ ಸೀನಿಯರ್‌ಗಳು ಸಿಗುತ್ತಾರೆ. ಅವರ ಬಾಕಿ ಮಾತೆಲ್ಲ ಕೇಳಿ, ಇದೊಂದನ್ನು ಕೇಳಬೇಡಿ.

7. ಕಟಿಂಗ್: ಮೂರು ಆಕಾರ ಗಟ್ಟಿ ಮಾಡಿಕೊಳ್ಳಿ

ನೂರಾರು ಹೆಸರಿನ ಕಟ್‌ಗಳಿವೆ. ಬಹುಪಾಲು ಎಲ್ಲವೂ ಮೂರರಿಂದ ಹುಟ್ಟಿದವು. ಕೂದಲನ್ನು ಕೆಳಕ್ಕೆ ಇಳಿಬಿಟ್ಟು ಕತ್ತರಿಸಿದರೆ ಎಲ್ಲ ಒಂದೇ ಗೆರೆಗೆ ಬರುತ್ತದೆ. ಸುಮಾರು 45 ಡಿಗ್ರಿ ಎತ್ತಿ ಕತ್ತರಿಸಿದರೆ ಅಂಚಿನಲ್ಲಿ ತುಂಬಿಕೊಂಡ ಆಕಾರ ಬರುತ್ತದೆ, ಇದಕ್ಕೆ ಗ್ರಾಜುವೇಶನ್ ಅನ್ನುತ್ತಾರೆ. ತಲೆಯಿಂದ ನೆಟ್ಟಗೆ 90 ಡಿಗ್ರಿಗೆ ಎತ್ತಿ ಕತ್ತರಿಸಿದರೆ ಲೇಯರ್, ಅಂದರೆ ಭಾರ ಇಳಿದು ಕೂದಲು ಹಗುರಾಗಿ ಬೀಳುತ್ತದೆ. ಈ ಮೂರನ್ನು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಆಗುವವರೆಗೆ ಫ್ಯಾಷನ್ ಕಟ್‌ಗಳ ವಿಡಿಯೋ ಬೆನ್ನು ಹತ್ತಬೇಡಿ.

ಕತ್ತರಿ ಹಿಡಿಯುವ ಮೊದಲು ಕೂದಲನ್ನು ಭಾಗ ಮಾಡುವುದು ಕಲಿಯಿರಿ. ಬೈತಲೆ ಗೆರೆ ನೇರವಾಗಿ, ಸೆಕ್ಷನ್ ತೆಳ್ಳಗೆ ಇರಬೇಕು. ಮೊದಲು ಕತ್ತರಿಸಿದ ಎಳೆಯೇ ಅಳತೆಗೋಲು, ಅದನ್ನು ಗೈಡ್ ಲೈನ್ ಅನ್ನುತ್ತಾರೆ. ಮುಂದಿನ ಪ್ರತಿ ಸೆಕ್ಷನ್‌ನಲ್ಲೂ ಅದು ಬೆರಳ ನಡುವೆ ಕಾಣುತ್ತಿರಬೇಕು. ಕಾಣುತ್ತಿಲ್ಲ ಅಂದರೆ ಸೆಕ್ಷನ್ ದಪ್ಪ ಆಯಿತು ಅಂತ ಅರ್ಥ. ನಿಲ್ಲಿಸಿ, ಮತ್ತೆ ಭಾಗ ಮಾಡಿ.

ಹೊಸಬರು ಎಲ್ಲರೂ ಎಡವುವ ಜಾಗಗಳು ಇವು. ಒದ್ದೆ ಕೂದಲು ಎಳೆದಷ್ಟೂ ಹಿಗ್ಗುತ್ತದೆ, ಒಣಗಿದಾಗ ಮೇಲೇರುತ್ತದೆ. ಗುಂಗುರು ಕೂದಲಂತೂ ತುಂಬಾ ಮೇಲೇರುತ್ತದೆ. ಅದಕ್ಕೇ ಬಿಗಿಯಾಗಿ ಎಳೆಯಬೇಡಿ, ಮೊದಲಿಗೆ ಬೇಕಾದ್ದಕ್ಕಿಂತ ಉದ್ದ ಬಿಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. 3 ಸೆಂಟಿಮೀಟರ್ ಜಾಸ್ತಿ ಹೋದರೆ ಆ ಗಿರಾಕಿಗೆ ಮೂರು ತಿಂಗಳು ಬೇಸರ. ಇನ್ನೊಂದು, ಗಿರಾಕಿ ಕಾಲ ಮೇಲೆ ಕಾಲು ಹಾಕಿ ಕೂತರೆ ಭುಜ ಓರೆಯಾಗುತ್ತದೆ, ಕಟ್ಟೂ ಓರೆಯಾಗುತ್ತದೆ. ಎರಡೂ ಪಾದ ಕೆಳಗಿಡಲು ಮೊದಲೇ ಕೇಳಿ. ಮುಗಿದ ಮೇಲೆ, ಕತ್ತರಿಸಿದ ದಿಕ್ಕಿಗೆ ಅಡ್ಡವಾಗಿ ಎತ್ತಿ ಸಮ ಇದೆಯಾ ನೋಡಿ.

ಉದ್ದದ ಬಗ್ಗೆ ಮಾತಾಡುವಾಗ "ಸ್ವಲ್ಪ" ಅನ್ನುವುದನ್ನು ನಂಬಬೇಡಿ. ಅವರ ಸ್ವಲ್ಪ ಬೇರೆ, ನಿಮ್ಮ ಸ್ವಲ್ಪ ಬೇರೆ. ಕೂದಲನ್ನು ಬೆರಳಲ್ಲಿ ಹಿಡಿದು, ಕನ್ನಡಿಯಲ್ಲಿ ತೋರಿಸಿ, "ಇಲ್ಲಿಗೆ?" ಅಂತ ಕೇಳಿ.

8. ಬಣ್ಣ ಮತ್ತು ರಾಸಾಯನಿಕ: ಇಲ್ಲಿ ಊಹೆ ನಡೆಯುವುದಿಲ್ಲ

ಕಟ್ ತಪ್ಪಾದರೆ ಕೂದಲು ಬೆಳೆಯುತ್ತದೆ. ಬಣ್ಣ ತಪ್ಪಾದರೆ ಆಸ್ಪತ್ರೆಗೆ ಹೋಗಬೇಕಾಗಬಹುದು. ಹಾಗಾಗಿ ತಿದ್ದುವವರು ಪಕ್ಕದಲ್ಲಿಲ್ಲದೆ ಈ ಕೆಲಸ ಮಾಡಲೇಬೇಡಿ.

ಮೊದಲು ಪ್ಯಾಚ್ ಟೆಸ್ಟ್. ಅಂದರೆ ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಬದಿಗೋ ಚೂರು ಹಚ್ಚಿ ನೋಡುವುದು. ಎಷ್ಟು ಹೊತ್ತು ಬಿಡಬೇಕು ಅನ್ನುವುದು ಪೊಟ್ಟಣದ ಮೇಲಿರುತ್ತದೆ, ಅದರಂತೆ ಮಾಡಿ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಅನ್ನುವ ರಾಸಾಯನಿಕಕ್ಕೆ ಕೆಲವರ ಮುಖ ಊದಿಕೊಳ್ಳುತ್ತದೆ, ಉಸಿರಾಟಕ್ಕೂ ತೊಂದರೆ ಆಗಬಹುದು. ಹಿಂದೆ "ಕಪ್ಪು ಮೆಹಂದಿ" ಚಿತ್ರ ಹಾಕಿಸಿಕೊಂಡು ಚರ್ಮ ಬೊಬ್ಬೆ ಎದ್ದವರಿಗೆ ಈ ಅಪಾಯ ಜಾಸ್ತಿ, ಏಕೆಂದರೆ ಅದರಲ್ಲೂ ಪಿಪಿಡಿ ಬೆರೆಸಿರುತ್ತಾರೆ. "ನಾನು ವರ್ಷಗಳಿಂದ ಹಚ್ಚಿಸ್ತಿದ್ದೀನಿ, ಏನೂ ಆಗಿಲ್ಲ" ಅಂದರೂ ಬಿಡಬೇಡಿ. ಅಲರ್ಜಿ ಎಷ್ಟೋ ವರ್ಷಗಳ ನಂತರವೂ ಶುರುವಾಗುತ್ತದೆ.

ಆಮೇಲೆ ಕೂದಲಿನ ಗಾಢತೆಯ ಅಳತೆ. 1 ಅಂದರೆ ಕಡುಕಪ್ಪು, 10 ಅಂದರೆ ತೀರಾ ತಿಳಿ. ಬಣ್ಣದ ಜೊತೆ ಬೆರೆಸುವ ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಡಬ್ಬಿಯ ಮೇಲೆ 10, 20, 30, 40 ವಾಲ್ಯೂಮ್ ಅಂತ ಬರೆದಿರುತ್ತದೆ. ಅದು ಕ್ರಮವಾಗಿ 3%, 6%, 9%, 12%. ನರೆಗೆ ಬಣ್ಣ ಹಿಡಿಸಲು ಸಾಮಾನ್ಯವಾಗಿ 20 ವಾಲ್ಯೂಮ್ ಬಳಸುತ್ತಾರೆ. ಸಂಖ್ಯೆ ಏರಿದಷ್ಟೂ ಕೂದಲು ತಿಳಿಯಾಗುತ್ತದೆ, ಅದರ ಜೊತೆ ಹಾಳೂ ಆಗುತ್ತದೆ.

ಕಪ್ಪು ಕೂದಲನ್ನು ತಿಳಿ ಮಾಡುವಾಗ ಒಳಗಿಂದ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಹೊರಬರುತ್ತದೆ. ಕಿತ್ತಳೆಯನ್ನು ನೀಲಿ ಅಡಗಿಸುತ್ತದೆ, ಹಳದಿಯನ್ನು ನೇರಳೆ ಅಡಗಿಸುತ್ತದೆ. ಟೋನರ್ ಅನ್ನುವುದು ಈ ಕೆಲಸಕ್ಕೇ. ಹಳೆ ಬಣ್ಣದ ಮೇಲೆ ತಿಳಿ ಬಣ್ಣ ಹಚ್ಚಿದರೆ ತಿಳಿ ಆಗುವುದಿಲ್ಲ, ಮೊದಲು ಹಳೆಯದನ್ನು ತೆಗೆಯಬೇಕು. ಹೊಸಬರಿಗೆ ಇದು ಎಷ್ಟು ಹೇಳಿದರೂ ಮರೆಯುತ್ತದೆ.

ಎಚ್ಚರಿಕೆ: ಹಿಂದೆ ಏನೇನು ಹಚ್ಚಿದ್ದಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಲೋಹದ ಲವಣ ಇರುವ ಮನೆಬಳಕೆಯ ಬಣ್ಣಗಳ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನೇರ ಮಾಡಿಸಿದ ಕೂದಲಿಗೆ ಥಯೋಗ್ಲೈಕೊಲೇಟ್ ಇರುವ ಪರ್ಮ್ ಹಾಕಿದರೂ ಅದೇ ಗತಿ. ಅನುಮಾನ ಬಂದರೆ ಹಿಂಬದಿಯ ಒಂದು ಎಳೆ ಕತ್ತರಿಸಿ, ಅದರ ಮೇಲೆ ಮೊದಲು ಪ್ರಯೋಗಿಸಿ.

9. ಲೆಕ್ಕ ಇಡಿ, ಪರೀಕ್ಷೆಗೆ ಸಿದ್ಧರಾಗಿ

ಮಾಡಿದ ಪ್ರತಿ ತಲೆಯನ್ನೂ ಬರೆದಿಡಿ. ದಿನಾಂಕ, ಕೂದಲಿನ ಬಗೆ, ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು, ಶಿಕ್ಷಕರು ಏನು ತಿದ್ದಿದರು. ಗಿರಾಕಿಯ ಒಪ್ಪಿಗೆ ಕೇಳಿ ಮುಂದೆ, ಹಿಂದೆ, ಎರಡೂ ಪಕ್ಕದಿಂದ ಫೋಟೋ ತೆಗೆಯಿರಿ. ಮೊದಲಿನದೂ ಬೇಕು, ನಂತರದ್ದೂ ಬೇಕು. ಬೆಳಕು ಒಂದೇ ಥರ ಇರಲಿ, ಫಿಲ್ಟರ್ ಬೇಡ.

ಪರೀಕ್ಷೆಯಲ್ಲಿ ಕೆಲಸ ನೋಡುತ್ತಾರೆ, ಬಾಯಿಪ್ರಶ್ನೆ ಕೇಳುತ್ತಾರೆ, ಬರಹದ ಪರೀಕ್ಷೆಯೂ ಇರಬಹುದು. ಕಟ್ ಚೆನ್ನಾಗಿದ್ದರೂ ಜನ ಫೇಲಾಗುವುದು ಸಣ್ಣ ವಿಷಯಗಳಲ್ಲಿ. ನೆಲಕ್ಕೆ ಬಿದ್ದ ಬಾಚಣಿಗೆಯನ್ನು ಹಾಗೇ ಎತ್ತಿ ಬಳಸುವುದು, ಪ್ಯಾಚ್ ಟೆಸ್ಟ್ ದಾಖಲೆ ಇಲ್ಲದಿರುವುದು, ಉಪಕರಣ ತೊಳೆಯದೆ ನೇರವಾಗಿ ಸೋಂಕುನಾಶಕದಲ್ಲಿ ಅದ್ದುವುದು. ಮೊದಲು ಕೂದಲು ತೆಗೆದು ಸೋಪಿನಲ್ಲಿ ತೊಳೆಯಬೇಕು. ಆಮೇಲೆ ಡಬ್ಬಿಯಲ್ಲಿ ಬರೆದಷ್ಟು ನಿಮಿಷ ಪೂರ್ತಿ ಮುಳುಗಿಸಿಡಬೇಕು.

10. ಕಲಿತ ಮೇಲೆ: ಕೆಲಸ ಹುಡುಕುವಾಗ

ಸಲೂನ್‌ಗಳು ಸಂದರ್ಶನಕ್ಕಿಂತ ಟ್ರೇಡ್ ಟೆಸ್ಟ್‌ಗೆ ಬೆಲೆ ಕೊಡುತ್ತವೆ. ಅಂದರೆ ಅವರೆದುರು ಒಂದು ಕಟ್, ಒಂದು ಬ್ಲೋ ಡ್ರೈ (ಡ್ರೈಯರ್‌ನಿಂದ ಒಣಗಿಸಿ ಕೂದಲಿಗೆ ಆಕಾರ ಕೊಡುವುದು) ಮಾಡಿ ತೋರಿಸುವುದು. ನಿಮ್ಮದೇ ಕತ್ತರಿ ಒಯ್ಯಿರಿ. ಮಾಡೆಲ್ ನೀವೇ ಕರೆತರಬೇಕಾ, ಮೊದಲೇ ಕೇಳಿಕೊಳ್ಳಿ. ಚೆನ್ನಾಗಿ ಬರುವ ಕಟ್ಟನ್ನೇ ಮಾಡಿ, ಹೊಸ ಸಾಹಸ ಅಲ್ಲಿ ಬೇಡ.

ಓದು ಮುಗಿದ ತಕ್ಷಣ ಕುರ್ಚಿ ಬಾಡಿಗೆಗೆ ಹಿಡಿಯಬೇಡಿ. ಕುರ್ಚಿ ಬಾಡಿಗೆ ಅಂದರೆ ಸಲೂನ್‌ಗೆ ಇಷ್ಟು ಅಂತ ಕಟ್ಟಿ, ನಿಮ್ಮ ಗಿರಾಕಿಗಳ ದುಡ್ಡನ್ನು ನೀವೇ ಇಟ್ಟುಕೊಳ್ಳುವುದು. ಕೇಳಲು ಚೆಂದ. ಆದರೆ ನಿಮ್ಮದೇ ಗಿರಾಕಿಗಳು ಇನ್ನೂ ಇಲ್ಲ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಪಕ್ಕದಲ್ಲಿ ತಿದ್ದುವವರೂ ಇರುವುದಿಲ್ಲ. ಮೊದಲ ಒಂದೆರಡು ವರ್ಷ ಜೂನಿಯರ್ ಆಗಿ ಸಂಬಳಕ್ಕೇ ಇರಿ. ಗಿರಾಕಿಗಳು ನಿಮ್ಮ ಹೆಸರು ಕೇಳಿಕೊಂಡು ಬರಲು ಶುರುವಾಗಿ, ನಿಮ್ಮ ಡೈರಿ ಮುಂದಿನ ಕೆಲವು ವಾರಕ್ಕೂ ತುಂಬಿರುತ್ತದೆ ಅಂದಾಗ ಬಾಡಿಗೆಯ ಲೆಕ್ಕ ಹಾಕಿ ನೋಡಿ.